ದೂರನ್ನು ಕೈಬಿಡಬೇಕಾದಾಗ: ಲೋಕಾಯುಕ್ತಕ್ಕೂ ಇರುವ ಎಲ್ಲೆಗಳು

(ಧಾರವಾಡದಲ್ಲಿ ವಕೀಲರು, ನಿವೃತ್ತ ಸರ್ಕಾರಿ ನೌಕರರು ಹಾಗೂ ಕಾನೂನು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಕೆಲವು ಕಾನೂನಿನ ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಹಿರಿಯರೆ, ಮಿತ್ರರೆ,

ತನ್ನ ಕಚೇರಿಯ ಅಕ್ರಮವನ್ನು ಒಳಗಿನಿಂದಲೇ ಕಂಡು, ಧೈರ್ಯ ಮಾಡಿ ಲೋಕಾಯುಕ್ತಕ್ಕೆ ದೂರು ಬರೆದ ನೌಕರನಿಗೆ ಕೆಲವು ತಿಂಗಳ ನಂತರ ‘ತಮ್ಮ ದೂರನ್ನು ಪರಿಗಣಿಸಲು ಅವಕಾಶವಿರುವುದಿಲ್ಲ’ ಎಂಬ ಒಂದು ಸಾಲಿನ ಹಿಂಬರಹ ಬಂದರೆ, ನಮ್ಮ ಕಡೆ ಜನ ಮೊದಲು ಆಡುವ ಮಾತು ‘ಮ್ಯಾಲಿನವ್ರು ಒತ್ತಡ ಹಾಕ್ಯಾರ’ ಎಂಬುದು. ಆ ಸಂಶಯ ಎಲ್ಲ ಸಲವೂ ಆಧಾರವಿಲ್ಲದ್ದು ಎಂದು ನಾನು ಹೇಳಲಾರೆ. ಆದರೆ ಲೋಕಾಯುಕ್ತರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ದೂರು ಎಷ್ಟೇ ನಿಜವಾಗಿದ್ದರೂ, ಕೈಗೆತ್ತಿಕೊಳ್ಳಬಾರದೆಂದು ಕಾಯ್ದೆಯೇ ತಡೆದಿರುವ ಸಂದರ್ಭಗಳಿವೆ. ಅವನ್ನು ತಿಳಿಯದೆ ದೂರು ಬರೆದವನು ಆರಂಭದಲ್ಲೇ ಸೋಲುತ್ತಾನೆ. ಅವನ್ನು ಸರಿಯಾಗಿ ತಿಳಿಯದ ಅಧಿಕಾರಿ, ತಡೆಯಿಲ್ಲದ ಕಡೆಯಲ್ಲೂ ತಡೆ ಇದೆಯೆಂದು ಕಡತ ಮುಚ್ಚುತ್ತಾನೆ. ಈ ಎರಡನೆಯದೇ ನನ್ನನ್ನು ಹೆಚ್ಚು ಕಾಡುವ ಸಂಗತಿ.

ಕರ್ನಾಟಕ ಲೋಕಾಯುಕ್ತ ಕಾಯ್ದೆ 1984ರದು. ಅದರ 8ನೇ ಪ್ರಕರಣವು ತನಿಖೆ ಮಾಡಲೇಬಾರದ ವಿಷಯಗಳನ್ನು ಹೇಳುತ್ತದೆ. 9ನೇ ಪ್ರಕರಣವು ಲೋಕಾಯುಕ್ತರು ತಮ್ಮ ವಿವೇಚನೆಯಿಂದ ತನಿಖೆಯನ್ನು ನಿರಾಕರಿಸಬಹುದಾದ ಅಥವಾ ನಡುವೆಯೇ ನಿಲ್ಲಿಸಬಹುದಾದ ಸಂದರ್ಭಗಳನ್ನು ಹೇಳುತ್ತದೆ. ದೂರು ಹುರುಳಿಲ್ಲದ್ದು, ಕಿರುಕುಳ ಕೊಡುವ ಉದ್ದೇಶದ್ದು, ಸದ್ಭಾವನೆಯಿಂದ ಮಾಡಿದ್ದಲ್ಲ, ತನಿಖೆಗೆ ಸಾಕಷ್ಟು ಆಧಾರವಿಲ್ಲ, ಅಥವಾ ಬೇರೆ ಪರಿಹಾರ ಮಾರ್ಗವೇ ಹೆಚ್ಚು ಯೋಗ್ಯ ಎಂಬ ಕಾರಣಗಳು ಈ ಎರಡನೆಯ ಗುಂಪಿಗೆ ಸೇರುತ್ತವೆ. ಮೊದಲನೆಯದು ಅಧಿಕಾರದ ಎಲ್ಲೆ, ಎರಡನೆಯದು ಅಧಿಕಾರದ ಬಳಕೆ. ‘ಮಾಡಬಾರದು’ ಎಂದಿರುವಲ್ಲಿ ಮಾಡಿದ ತನಿಖೆ ಮುಂದೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ತಪ್ಪಿತಸ್ಥ ಅಧಿಕಾರಿ ತನ್ನ ತಪ್ಪಿನ ಬಗ್ಗೆ ಒಂದು ಮಾತನ್ನೂ ಆಡದೆ, ತನಿಖೆ ಮಾಡಿದವರಿಗೆ ಅಧಿಕಾರವೇ ಇರಲಿಲ್ಲ ಎಂಬ ಒಂದೇ ಆಧಾರದ ಮೇಲೆ ಪಾರಾಗುತ್ತಾನೆ. ಆದ್ದರಿಂದ, ನಿರಾಕರಿಸಲೇಬೇಕಾದ ದೂರನ್ನು ಮುಲಾಜಿಗೋ ಅನುಕಂಪಕ್ಕೋ ಬಿದ್ದು ಒಪ್ಪಿಕೊಂಡರೆ ಅದರಿಂದ ದೂರುದಾರನಿಗೆ ಉಪಕಾರವೇನೂ ಆಗುವುದಿಲ್ಲ.

ಕಾಯ್ದೆಯಲ್ಲಿ ದೂರುಗಳು ಎರಡು ಬಗೆಯವು. ಆಡಳಿತದ ಲೋಪದಿಂದ ನನಗೆ ಅನ್ಯಾಯವಾಗಿದೆ, ವಿನಾಕಾರಣ ತೊಂದರೆಯಾಗಿದೆ ಎನ್ನುವುದು ಕುಂದುಕೊರತೆ. ಸರ್ಕಾರಿ ನೌಕರನೊಬ್ಬ ತಿಳಿದೂ ತಿಳಿದೂ ತನ್ನ ಸ್ಥಾನವನ್ನು ಲಾಭಕ್ಕಾಗಿ, ಬೇಕಾದವರ ಅನುಕೂಲಕ್ಕಾಗಿ, ಇಲ್ಲವೇ ಇನ್ನೊಬ್ಬರಿಗೆ ಕೇಡು ಮಾಡುವುದಕ್ಕಾಗಿ ದುರುಪಯೋಗ ಮಾಡಿದ್ದಾನೆ, ಭ್ರಷ್ಟಾಚಾರ ಅಥವಾ ಸ್ವಜನಪಕ್ಷಪಾತ ಎಸಗಿದ್ದಾನೆ ಎನ್ನುವುದು ಆಪಾದನೆ. 8ನೇ ಪ್ರಕರಣದ ತಡೆಗಳಲ್ಲಿ ಹಲವು ಕುಂದುಕೊರತೆಗೆ ಮಾತ್ರ ಅನ್ವಯಿಸುತ್ತವೆ, ಆಪಾದನೆಗೆ ಅನ್ವಯಿಸುವುದಿಲ್ಲ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ದೂರನ್ನು ಊಹಿಸಿಕೊಳ್ಳೋಣ.

ಹಾವೇರಿ ಜಿಲ್ಲೆಯ ಯಾವುದೋ ತಾಲ್ಲೂಕಿನ ಕಚೇರಿಯಲ್ಲಿ ಒಬ್ಬ ಪ್ರಥಮ ದರ್ಜೆ ಸಹಾಯಕ ಇದ್ದಾನೆನ್ನಿ. ಕೆರೆಯ ಹೂಳೆತ್ತುವ ಕಾಮಗಾರಿಯ ಬಿಲ್ಲು ಅವನ ಮೇಜಿಗೆ ಬರುತ್ತದೆ. ಜೊತೆಗಿರುವ ಅಳತೆ ಪುಸ್ತಕವನ್ನು ತೆರೆದು ನೋಡಿದರೆ, ಕೆರೆಯ ಒಡಲಲ್ಲಿ ಇಂತಿಷ್ಟು ಉದ್ದ, ಇಂತಿಷ್ಟು ಅಗಲ, ಇಂತಿಷ್ಟು ಆಳ ಅಗೆಯಲಾಗಿದೆಯೆಂದು ಅಳತೆ ಬರೆದು ಸಹಿ ಹಾಕಿದ ದಿನಾಂಕ ಮುಂಗಾರಿನ ನಡುವಿನದು. ಆ ವಾರ ಕೆರೆ ಕೋಡಿ ಬಿದ್ದು ಹರಿಯುತ್ತಿತ್ತು ಎಂಬುದು ಊರಿಗೇ ಗೊತ್ತು. ನೀರು ತುಂಬಿದ ಕೆರೆಯ ತಳವನ್ನು ಅಳೆದವರು ಯಾರು? ಆತ ಟಿಪ್ಪಣಿಯಲ್ಲಿ ಈ ಪ್ರಶ್ನೆ ಎತ್ತುತ್ತಾನೆ. ಕೆಲವೇ ದಿನಗಳಲ್ಲಿ ದೂರದ ತಾಲ್ಲೂಕಿಗೆ ಅವನ ವರ್ಗಾವಣೆಯಾಗುತ್ತದೆ. ಆಗ ಅವನು ಕುಳಿತು ಲೋಕಾಯುಕ್ತಕ್ಕೆ ದೂರು ಬರೆಯುತ್ತಾನೆ.

ನೊಂದ ಮನುಷ್ಯ ಬರೆಯುವ ದೂರಿನಲ್ಲಿ ಒಂದೇ ವಿಷಯ ಇರುವುದಿಲ್ಲ. ಅವನ ದೂರಿನಲ್ಲಿ ಅಳತೆ ಪುಸ್ತಕದ ಸುಳ್ಳು ನಮೂದು ಇದೆ. ಹೂಳೆತ್ತಬೇಕಾದ ಕೆರೆಗಳು ಹತ್ತಾರು ಇದ್ದಾಗ ಇದನ್ನೇ ಯಾಕೆ ಆರಿಸಿದರು ಎಂಬ ತಕರಾರು ಇದೆ. ಅದೇ ಕಚೇರಿ ಬೇರೊಬ್ಬ ಸಣ್ಣ ಗುತ್ತಿಗೆದಾರನ ಬಿಲ್ಲನ್ನು ತಡೆಹಿಡಿದ ಸಂಗತಿ ಇದೆ. ಈ ಕಾಮಗಾರಿಯ ಟೆಂಡರ್ ಕ್ರಮಬದ್ಧವಾಗಿರಲಿಲ್ಲ ಎಂಬ ಮಾತಿದೆ. ಅದರ ಬಗ್ಗೆ ಸೋತ ಬಿಡ್ಡುದಾರನೊಬ್ಬ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ, ಪೀಠವು ವಾದ ಕೇಳಿ ತೀರ್ಪು ಕೊಟ್ಟಾಗಿದೆ. ಕೊನೆಯಲ್ಲಿ ತನ್ನ ವರ್ಗಾವಣೆಯ ದುಃಖವೂ ಇದೆ. ಒಂದೇ ಕಾಗದ, ಒಂದೇ ಸಹಿ, ಐದು ವಿಷಯ.

ಟೆಂಡರಿನ ವಿಷಯವನ್ನು ಲೋಕಾಯುಕ್ತರು ಮುಟ್ಟುವಂತಿಲ್ಲ. ಸಮರ್ಥ ನ್ಯಾಯಾಲಯವು ಪರಿಶೀಲಿಸಿ ತೀರ್ಮಾನಿಸಿದ್ದನ್ನು ಮತ್ತೆ ತೆರೆಯುವುದು ಉಸ್ತುವಾರಿ ಸಂಸ್ಥೆಯ ಕೆಲಸವಲ್ಲ. 2014ರ ವಿಸಲ್ ಬ್ಲೋವರ್‌ಗಳ (ಅಕ್ರಮ ಬಯಲಿಗೆಳೆಯುವವರ) ರಕ್ಷಣಾ ಕಾಯ್ದೆಯ 6ನೇ ಪ್ರಕರಣ ಈ ನಿಯಮವನ್ನು ಬಹಳ ಎಚ್ಚರದಿಂದ ಹೇಳಿದೆ: ನ್ಯಾಯಾಲಯ ಅಥವಾ ನ್ಯಾಯಮಂಡಳಿ ತೀರ್ಮಾನಿಸಿದ ಪ್ರಶ್ನೆಯನ್ನು ಮತ್ತೆ ಎತ್ತುವ ಮಟ್ಟಿಗೆ ಮಾತ್ರ ದೂರನ್ನು ಗಮನಕ್ಕೆ ತೆಗೆದುಕೊಳ್ಳಬಾರದು. ಆ ‘ಮಟ್ಟಿಗೆ ಮಾತ್ರ’ ಎಂಬುದರಲ್ಲಿ ಇಡೀ ನ್ಯಾಯ ಅಡಗಿದೆಯೆಂದು ನನ್ನ ಅಭಿಪ್ರಾಯ. ಟೆಂಡರು ಸರಿಯಿತ್ತೆಂದು ಹೈಕೋರ್ಟ್ ಹೇಳಿದ್ದರೂ, ಆಮೇಲೆ ನಡೆದ ಕೆಲಸದ ಅಳತೆ ಸುಳ್ಳೆಂಬ ಪ್ರಶ್ನೆ ಹೈಕೋರ್ಟಿನ ಮುಂದೆ ಬಂದೇ ಇರಲಿಲ್ಲ. ‘ಈ ವಿಷಯ ನ್ಯಾಯಾಲಯದಲ್ಲಿ ಇತ್ಯರ್ಥವಾಗಿದೆ’ ಎಂದು ಬರೆದು ಇಡೀ ದೂರನ್ನು ಮುಚ್ಚಿದರೆ ಅದು ತಪ್ಪು.

ಯಾವ ಕೆರೆಯ ಹೂಳೆತ್ತಬೇಕು ಎಂಬುದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ನಾವಾಗಿದ್ದರೆ ಬೇರೆ ಕೆರೆ ಆರಿಸುತ್ತಿದ್ದೆವು ಎಂಬುದು ತನಿಖೆಗೆ ಕಾರಣವಾಗದು; ವಿವೇಚನೆಯ ಲಕ್ಷಣವೇ ಇಲ್ಲದಷ್ಟು ಮನಸ್ವೀ ತೀರ್ಮಾನವಾಗಿದ್ದರೆ ಮಾತ್ರ ಅದನ್ನು ಪ್ರಶ್ನಿಸಲು ಕಾಯ್ದೆ ಅವಕಾಶ ಕೊಡುತ್ತದೆ. ಗುತ್ತಿಗೆದಾರನ ಬಿಲ್ಲಿನ ವಿಷಯವೂ ಸಾಮಾನ್ಯವಾಗಿ ಹೊರಗುಳಿಯುತ್ತದೆ, ಏಕೆಂದರೆ ಕೇವಲ ವ್ಯಾಪಾರಿ ಸ್ವರೂಪದ ಕರಾರಿನಿಂದ ಹುಟ್ಟಿದ ಕುಂದುಕೊರತೆಗಳನ್ನು ಕಾಯ್ದೆಯ ಎರಡನೇ ಅನುಸೂಚಿ ಹೊರಗಿಟ್ಟಿದೆ. ಆದರೆ ಅಲ್ಲಿಯೂ, ಕಿರುಕುಳ ಕೊಡುತ್ತಿದ್ದಾರೆ ಅಥವಾ ಕರಾರಿನ ಹೊಣೆ ತೀರಿಸುವಲ್ಲಿ ವಿಪರೀತ ವಿಳಂಬ ಮಾಡುತ್ತಿದ್ದಾರೆ ಎಂಬ ದೂರಿಗೆ ವಿನಾಯಿತಿ ಇದೆ. ಬಿಲ್ಲಿಗಾಗಿ ವರ್ಷಗಟ್ಟಲೆ ಕಚೇರಿ ಅಲೆಯುವ ಸಣ್ಣ ಗುತ್ತಿಗೆದಾರರು ನಮ್ಮಲ್ಲಿ ಎಷ್ಟಿಲ್ಲ? ಅವರಲ್ಲಿ ಹೆಚ್ಚಿನವರಿಗೆ ಈ ವಿನಾಯಿತಿಯ ಅರಿವಿಲ್ಲ.

ಇನ್ನು ವರ್ಗಾವಣೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ನೇಮಕಾತಿ, ವೇತನ, ಶಿಸ್ತುಕ್ರಮ ಮೊದಲಾದ ಸೇವಾ ಷರತ್ತುಗಳ ವಿಷಯ ಅದೇ ಎರಡನೇ ಅನುಸೂಚಿಯಲ್ಲಿದೆ. ನಿವೃತ್ತಿಯ ನಂತರದ ಪಿಂಚಣಿ, ಉಪದಾನ, ಭವಿಷ್ಯ ನಿಧಿಯ ಬಾಕಿಗಳನ್ನು ಮಾತ್ರ ಅದರಿಂದ ಹೊರತುಪಡಿಸಲಾಗಿದೆ. ಹೀಗಾಗಿ ‘ನನ್ನನ್ನು ಅನ್ಯಾಯವಾಗಿ ವರ್ಗ ಮಾಡಿದರು, ರದ್ದುಪಡಿಸಿ’ ಎಂಬ ಕೋರಿಕೆಯನ್ನು ಲೋಕಾಯುಕ್ತರು ನಿರಾಕರಿಸಲೇಬೇಕು. ಅದಕ್ಕೆ ಇರುವ ಜಾಗ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ನಮ್ಮ ಭಾಗಕ್ಕೆ ಅದರ ಬೆಳಗಾವಿ ಪೀಠ. ಆದರೆ ಎರಡನೇ ಅನುಸೂಚಿಯ ತಡೆ ಇರುವುದು ಕುಂದುಕೊರತೆಗೆ. ಸುಳ್ಳು ಅಳತೆಯನ್ನು ಮುಚ್ಚಿಹಾಕಲು, ಪ್ರಶ್ನೆ ಎತ್ತಿದವನಿಗೆ ಕೇಡು ಮಾಡಲೆಂದೇ ಮೇಲಧಿಕಾರಿ ತನ್ನ ಸ್ಥಾನವನ್ನು ಬಳಸಿ ವರ್ಗಾವಣೆ ಮಾಡಿಸಿದ ಎಂದು ದೂರುದಾರ ಹೇಳಿದರೆ ಅದು ಆಪಾದನೆ. ಇನ್ನೊಬ್ಬರಿಗೆ ಅನುಚಿತ ಕೇಡು ಮಾಡಲು ಸ್ಥಾನದ ದುರುಪಯೋಗ ಎಂಬುದು ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. ವರ್ಗಾವಣೆಯ ಆದೇಶವನ್ನು ಲೋಕಾಯುಕ್ತರು ರದ್ದುಪಡಿಸಲಾರರು, ಆದರೆ ಆದೇಶ ಮಾಡಿಸಿದವನ ನಡತೆಯನ್ನು ತನಿಖೆ ಮಾಡಬಲ್ಲರು. ಅಕ್ರಮ ಬಯಲಿಗೆಳೆದ ನೌಕರನ ಮೇಲೆ ಸಾಮಾನ್ಯವಾಗಿ ಬೀಳುವ ಮೊದಲ ಏಟು ವರ್ಗಾವಣೆಯೇ ಆಗಿರುವುದರಿಂದ, ಇದನ್ನು ಸೇವಾ ವಿಷಯವೆಂದು ಹೆಸರಿಟ್ಟು ಪಕ್ಕಕ್ಕೆ ಸರಿಸುವುದು ಅತಿ ಸುಲಭ ಮತ್ತು ಅತಿ ಅಪಾಯಕಾರಿ.

ಎಲ್ಲಿ ದೂರು ಕೊಡಬೇಕು ಎಂಬ ಗೊಂದಲದಿಂದಲೂ ಬಹಳಷ್ಟು ದೂರುಗಳು ಬಿದ್ದುಹೋಗುತ್ತವೆ. ಹುಬ್ಬಳ್ಳಿಯ ಗದಗ ರಸ್ತೆಯಲ್ಲಿರುವ ರೈಲ್ ಸೌಧದ ಗುಮಾಸ್ತ ಮತ್ತು ಗೋಕುಲ ರಸ್ತೆಯಲ್ಲಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿಯ ಗುಮಾಸ್ತ ಒಂದೇ ಬಗೆಯ ಖರೀದಿ ಅಕ್ರಮವನ್ನು ಕಂಡರೂ ಅವರ ದಾರಿಗಳು ಬೇರೆ. ನೈರುತ್ಯ ರೈಲ್ವೆಯ ಅಧಿಕಾರಿಯ ಮೇಲಿನ ದೂರು ಕೇಂದ್ರ ಜಾಗೃತ ಆಯೋಗಕ್ಕೆ ಹೋಗಬೇಕು. ಕರ್ನಾಟಕದ ಲೋಕಾಯುಕ್ತರು ಅದನ್ನು ನಿರಾಕರಿಸಲೇಬೇಕು. ಸಾರಿಗೆ ಸಂಸ್ಥೆ ರಾಜ್ಯದ್ದಾದ್ದರಿಂದ ಅಲ್ಲಿಯ ದೂರನ್ನು ಕೇಂದ್ರ ಆಯೋಗ ನಿರಾಕರಿಸಬೇಕು. ದೂರುದಾರನಿಗೆ ಇದು ತಿಳಿದಿರಬೇಕೆಂದು ನಿರೀಕ್ಷಿಸುವುದಕ್ಕಿಂತ, ತಪ್ಪಿ ಬಂದ ದೂರನ್ನು ಸರಿಯಾದ ಸಂಸ್ಥೆಗೆ, ಅದೂ ಅವನ ಒಪ್ಪಿಗೆ ಪಡೆದ ನಂತರವೇ, ಕಳಿಸುವುದು ನ್ಯಾಯ. ಒಪ್ಪಿಗೆ ಯಾಕೆ ಬೇಕೆಂಬುದಕ್ಕೆ ನಮ್ಮ ದೇಶ ದೊಡ್ಡ ಬೆಲೆ ತೆತ್ತು ಪಾಠ ಕಲಿತಿದೆ.

ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಸುವರ್ಣ ಚತುಷ್ಪಥ ಯೋಜನೆಯ ಅಕ್ರಮಗಳ ಬಗ್ಗೆ 2002ರಲ್ಲಿ ಪ್ರಧಾನಿಯವರ ಕಾರ್ಯಾಲಯಕ್ಕೆ ಪತ್ರ ಬರೆದು, ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೇಳಿಕೊಂಡಿದ್ದರು. ಆ ಪತ್ರ ಹೆಸರಿನ ಸಮೇತ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ತನಿಖೆ ನಡೆಸಿದ ಸಿಬಿಐ ಅದನ್ನು ದರೋಡೆಯ ಸಂದರ್ಭದ ಕೊಲೆಯೆಂದು ನ್ಯಾಯಾಲಯದ ಮುಂದಿಟ್ಟಿತು. ಆದರೆ ಗುಟ್ಟಾಗಿಡಿ ಎಂದು ಬೇಡಿದ ಹೆಸರನ್ನು ಆಡಳಿತ ಕಾಪಾಡಲಿಲ್ಲ ಎಂಬುದು ಮಾತ್ರ ಯಾವ ತೀರ್ಪಿನಿಂದಲೂ ಅಳಿಸಿಹೋಗುವುದಿಲ್ಲ. ಆ ನಂತರ, 2004ರ ಏಪ್ರಿಲ್‌ನಲ್ಲಿ, ಕೇಂದ್ರ ಸರ್ಕಾರ ಸಾರ್ವಜನಿಕ ಹಿತಾಸಕ್ತಿಯ ಬಹಿರಂಗಪಡಿಸುವಿಕೆ ಮತ್ತು ಮಾಹಿತಿದಾರರ ರಕ್ಷಣೆಯ ನಿರ್ಣಯವನ್ನು ಹೊರಡಿಸಿ ಕೇಂದ್ರ ಜಾಗೃತ ಆಯೋಗಕ್ಕೆ ಹೊಣೆ ವಹಿಸಿತು.

ಆ ನಿರ್ಣಯದಡಿ ದೂರು ಕೊಡುವ ವಿಧಾನವನ್ನು ಕೊಂಚ ಹತ್ತಿರದಿಂದ ನೋಡಿ. ಲಕೋಟೆಯನ್ನು ಭದ್ರವಾಗಿ ಮುಚ್ಚಿರಬೇಕು. ಅದರ ಮೇಲೆ ಸಾರ್ವಜನಿಕ ಹಿತಾಸಕ್ತಿಯ ದೂರು ಎಂದು, ಅಥವಾ ನಿರ್ಣಯದ ಇಂಗ್ಲಿಷ್ ಹೆಸರಿನ ಸಂಕ್ಷೇಪವಾದ ‘ಪಿಐಡಿಪಿಐ’ ಎಂಬ ಐದಕ್ಷರದಲ್ಲಿ ಬರೆದಿರಬೇಕು. ಕಳಿಸುವವನ ಹೆಸರು, ವಿಳಾಸ ಲಕೋಟೆಯ ಹೊರಗೆ ಇರಕೂಡದು. ಒಳಗಿನ ದೂರಿನ ಮೊದಲಲ್ಲೋ ಕೊನೆಯಲ್ಲೋ, ಇಲ್ಲವೇ ಜೊತೆಗಿಟ್ಟ ಪತ್ರದಲ್ಲೋ ಇರಬೇಕು. ಆಯೋಗ ಸ್ವೀಕೃತಿ ಪತ್ರವನ್ನೂ ಕಳಿಸುವುದಿಲ್ಲ, ಏಕೆಂದರೆ ಆ ಒಂದು ಟಪಾಲು ಸಾಕು ದೂರುದಾರನ ಗುರುತು ಹತ್ತಲು. ಲಕೋಟೆಯ ಮೇಲೆ ಆ ಗುರುತಿಲ್ಲದಿದ್ದರೆ ಅದು ಸಾಮಾನ್ಯ ಟಪಾಲಿನಂತೆ ಆವಕ ವಹಿಯಲ್ಲಿ ದಾಖಲಾಗುತ್ತದೆ, ಹಲವರ ಕಣ್ಣಿಗೆ ಬೀಳುತ್ತದೆ. ನಿರ್ಣಯದ ರಕ್ಷಣೆ ಆಗ ಸಿಗುವುದಿಲ್ಲ.

ಹೆಸರಿಲ್ಲದ ದೂರನ್ನು, ಅಂದರೆ ನಾವು ಮೂಗರ್ಜಿ ಎನ್ನುವುದನ್ನು, 2004ರ ನಿರ್ಣಯವೂ 2014ರ ಕಾಯ್ದೆಯೂ ಒಪ್ಪುವುದಿಲ್ಲ. ಗುರುತು ಹೇಳದ ಅಥವಾ ಸುಳ್ಳು ಗುರುತು ಹೇಳಿದ ದೂರಿನ ಮೇಲೆ ಕ್ರಮ ಕೈಗೊಳ್ಳಬಾರದು. ಮೂಗರ್ಜಿಯಿಂದ ಪ್ರಾಮಾಣಿಕ ಅಧಿಕಾರಿಗಳ ಬಡ್ತಿ ತಡೆದ, ಮಾನ ಕಳೆದ ಉದಾಹರಣೆಗಳನ್ನು ಸರ್ಕಾರಿ ಸೇವೆಯಲ್ಲಿದ್ದವರು ಬಲ್ಲಿರಿ, ಆದ್ದರಿಂದ ಈ ನಿಯಮಕ್ಕೆ ಅರ್ಥವಿದೆ. ಆದರೆ ಲೋಕಾಯುಕ್ತ ಕಾಯ್ದೆಯಲ್ಲಿ ದೂರಿಲ್ಲದೆಯೂ ಸ್ವಯಂಪ್ರೇರಿತವಾಗಿ ತನಿಖೆ ನಡೆಸಲು ಅವಕಾಶವಿದೆ. ಹೆಸರಿಲ್ಲದ ಕಾಗದದ ಜೊತೆ ಅಳತೆ ಪುಸ್ತಕದ ಪುಟದ ಪ್ರತಿಯೊಂದು ಬಂದರೆ, ಕಾಗದವನ್ನು ದೂರಾಗಿ ನಿರಾಕರಿಸುವುದು ಕರ್ತವ್ಯ. ಆ ಪುಟವನ್ನು ಮೂಲ ದಾಖಲೆಯೊಂದಿಗೆ ತಾಳೆ ನೋಡುವುದೂ ಕರ್ತವ್ಯವೇ ಎಂದು ನಾನು ನಂಬುತ್ತೇನೆ.

ಗುರುತಿನ ವಿಷಯದಲ್ಲಿ ನಮ್ಮ ರಾಜ್ಯದ ಕಾಯ್ದೆ ದೂರುದಾರನನ್ನು ಕಾಯುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ದೂರನ್ನು ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದ ಸಮೇತ ಸಲ್ಲಿಸಬೇಕು. ತನಿಖೆ ನಡೆಸಲು ತೀರ್ಮಾನಿಸಿದಾಗ ದೂರಿನ ಪ್ರತಿ ಆಪಾದಿತ ಅಧಿಕಾರಿಗೇ ಹೋಗುತ್ತದೆ. ಸಹಜ ನ್ಯಾಯದ ದೃಷ್ಟಿಯಿಂದ ಆಪಾದಿತನಿಗೆ ವಿಷಯ ತಿಳಿಯಬೇಕು, ನಿಜ. ಆದರೆ ದೂರು ನಿರಾಕರಿಸಿದಾಗಲೂ ಅದರ ಕಾರಣಗಳನ್ನು ದೂರುದಾರನಿಗೂ ಆಪಾದಿತನಿಗೂ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಅಂದರೆ ಏನೂ ತನಿಖೆಯಾಗದೆ, ಯಾರು ದೂರಿದರೆಂಬುದಷ್ಟೇ ಮೇಲಧಿಕಾರಿಗೆ ಗೊತ್ತಾಗುವ ಸಾಧ್ಯತೆಯಿದೆ. 2014ರ ಕೇಂದ್ರ ಕಾಯ್ದೆ ಇದಕ್ಕೆ ಉತ್ತರವಾಗಬೇಕಿತ್ತು: ದೂರುದಾರನ ಗುರುತು ಬಯಲು ಮಾಡಿದವರಿಗೆ ಮೂರು ವರ್ಷದವರೆಗಿನ ಶಿಕ್ಷೆಯನ್ನು ಅದು ವಿಧಿಸುತ್ತದೆ, ದೂರಿನ ಸೇಡಿಗಾಗಿ ಕಿರುಕುಳ ಕೊಡುವುದನ್ನು ತಡೆಯುತ್ತದೆ, ರಾಜ್ಯದ ನೌಕರರನ್ನೂ ಒಳಗೊಳ್ಳುತ್ತದೆ. ಆ ವರ್ಷದ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ಆ ಕಾಯ್ದೆ ಒಂದು ದಶಕ ಕಳೆದರೂ ಜಾರಿಗೆ ಬರಲಿಲ್ಲ. ಸಂಸತ್ತು ಒಪ್ಪಿದ ರಕ್ಷಣೆಯನ್ನು ಒಂದು ಅಧಿಸೂಚನೆಯ ಕೊರತೆಯಿಂದ ಇಷ್ಟು ಕಾಲ ತಡೆದಿಟ್ಟಿರುವುದನ್ನು ಸಮರ್ಥಿಸುವ ವಾದ ನನಗೆ ಎಲ್ಲಿಯೂ ಕಂಡಿಲ್ಲ.

ಕಾಲಮಿತಿಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಲೋಕಾಯುಕ್ತದಲ್ಲಿ ಕುಂದುಕೊರತೆಗೆ ಅದು ತಿಳಿದುಬಂದ ದಿನದಿಂದ 6 ತಿಂಗಳು, ಆಪಾದನೆಗೆ ಕೃತ್ಯ ನಡೆದ ದಿನದಿಂದ 5 ವರ್ಷ. 2014ರ ಕಾಯ್ದೆಯಲ್ಲೂ 2013ರ ಲೋಕಪಾಲ ಕಾಯ್ದೆಯಲ್ಲೂ 7 ವರ್ಷ. ಸಾಕ್ಷಿಗಳು ನಿವೃತ್ತರಾಗಿ, ಕಡತಗಳು ಸಿಗದಂತಾದ ಮೇಲೆ ಆಪಾದಿತನೂ ತನ್ನ ಪರ ಹೇಳಿಕೊಳ್ಳಲಾರ, ಆದ್ದರಿಂದ ಮಿತಿ ಬೇಕು. ಆದರೆ ಇದು ಲೋಕಾಯುಕ್ತರ ತನಿಖೆಗೆ ಹಾಕಿದ ಮಿತಿ. ಭ್ರಷ್ಟಾಚಾರ ತಡೆ ಕಾಯ್ದೆಯಡಿ ಲಂಚದ ಅಪರಾಧಕ್ಕೆ 7 ವರ್ಷದವರೆಗೆ ಶಿಕ್ಷೆ ಇರುವುದರಿಂದ, 3 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗಷ್ಟೇ ಇರುವ ಕಾಲಮಿತಿ ಅದಕ್ಕೆ ಅನ್ವಯಿಸದು. ಪೊಲೀಸ್ ತನಿಖೆಯ ಬಾಗಿಲು ತೆರೆದೇ ಇರುತ್ತದೆ. 2022ರ ಆಗಸ್ಟ್ 11ರಂದು ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು ರದ್ದುಪಡಿಸಿದ ಮೇಲೆ ಆ ಅಧಿಕಾರ ಮತ್ತೆ ಲೋಕಾಯುಕ್ತದ ಪೊಲೀಸ್ ವಿಭಾಗಕ್ಕೆ ಬಂದಿದೆ. ಹಳೆಯ ಪ್ರಕರಣದ ದೂರುದಾರನಿಗೆ ‘ಅವಧಿ ಮೀರಿದೆ’ ಎಂದಷ್ಟೇ ಬರೆದು ಕಳಿಸುವಾಗ ಇದನ್ನು ಮರೆಯಬಾರದು.

ಉಸ್ತುವಾರಿ ಸಂಸ್ಥೆ ನಿರಾಕರಿಸಲೇಬೇಕಾದ ಇನ್ನೊಂದು ಸಂದರ್ಭವನ್ನು ಕಾಯ್ದೆಯ ಪಟ್ಟಿಯಲ್ಲಿ ಹುಡುಕುವ ಅಗತ್ಯವಿಲ್ಲ. ದೂರು ಆ ಸಂಸ್ಥೆಯ ಮೇಲೆಯೇ ಆಗಿದ್ದರೆ? ತನ್ನ ಪ್ರಕರಣಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬ ತತ್ವವನ್ನು ಆಡಳಿತದ ನಿರ್ಧಾರಗಳಿಗೂ ಸುಪ್ರೀಂ ಕೋರ್ಟ್ 1969ರ ಕ್ರೈಪಾಕ್ ಪ್ರಕರಣದಲ್ಲೇ ಅನ್ವಯಿಸಿದೆ. ಅಲ್ಲಿ ಆಯ್ಕೆ ಮಂಡಳಿಯಲ್ಲಿದ್ದ ಅಧಿಕಾರಿಯೇ ಆ ಹುದ್ದೆಯ ಅಭ್ಯರ್ಥಿಯೂ ಆಗಿದ್ದರು. ನಮ್ಮ ರಾಜ್ಯದಲ್ಲಿ 2015ರಲ್ಲಿ ಲೋಕಾಯುಕ್ತ ಸಂಸ್ಥೆಯ ಒಳಗೇ ಹಣಕ್ಕೆ ಬೇಡಿಕೆ ಇಡಲಾಗುತ್ತಿದೆಯೆಂಬ ಆರೋಪ ಎದ್ದು, ಅದರಲ್ಲಿ ಆಗಿನ ಲೋಕಾಯುಕ್ತರ ಪುತ್ರನ ಹೆಸರೂ ಬಂದಾಗ, ತನಿಖೆಗೆ ವಿಶೇಷ ತನಿಖಾ ತಂಡವನ್ನು ರಚಿಸಬೇಕಾಯಿತು. ವರ್ಷದ ಕೊನೆಗೆ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. ಆರೋಪದ ಸತ್ಯಾಸತ್ಯ ಇಲ್ಲಿಯ ವಿಷಯವಲ್ಲ. ಇಂಥ ದೂರು ಬಂದ ದಿನವೇ, ಯಾರೂ ಒತ್ತಾಯಿಸುವ ಮೊದಲೇ, ಸಂಸ್ಥೆ ತಾನಾಗಿ ಹಿಂದೆ ಸರಿದು ಹೊರಗಿನವರಿಗೆ ಒಪ್ಪಿಸುವ ನಿಯಮ ಮೊದಲೇ ಬರೆದಿಟ್ಟಿರಬೇಕು.

ಈಗ ಹಾವೇರಿಯ ಆ ಸಹಾಯಕನಿಗೆ ಎಂಥ ಹಿಂಬರಹ ಬರಬೇಕೆಂದು ಹೇಳಿ ನಿಲ್ಲಿಸುತ್ತೇನೆ. ಟೆಂಡರಿನ ವಿಷಯ ಹೈಕೋರ್ಟಿನ ಇಂಥ ತೀರ್ಪಿನಿಂದ ಮುಗಿದಿರುವುದರಿಂದ ಆ ಅಂಶ ಕೈಬಿಡಲಾಗಿದೆ. ಕೆರೆಯ ಆಯ್ಕೆ ವಿವೇಚನೆಗೆ ಸೇರಿದ್ದು, ಅದು ದುರುಪಯೋಗವಾಗಿದೆಯೆನ್ನಲು ದೂರಿನಲ್ಲಿ ಆಧಾರ ಕೊಟ್ಟಿಲ್ಲ. ಗುತ್ತಿಗೆದಾರನ ಬಿಲ್ಲಿನ ಬಗ್ಗೆ ಬಾಧಿತನಾದ ಗುತ್ತಿಗೆದಾರನೇ ವಿಳಂಬದ ವಿವರಗಳೊಂದಿಗೆ ದೂರು ಸಲ್ಲಿಸಬಹುದು. ವರ್ಗಾವಣೆಯ ಆದೇಶವನ್ನು ರದ್ದುಪಡಿಸುವ ಅಧಿಕಾರ ಇಲ್ಲಿಲ್ಲ, ಅದಕ್ಕೆ ಬೆಳಗಾವಿಯ ನ್ಯಾಯಮಂಡಳಿಗೆ ಹೋಗಬೇಕು. ಅದನ್ನು ಸೇಡಿಗಾಗಿ ಮಾಡಿಸಲಾಯಿತೆಂಬ ಆಪಾದನೆಯನ್ನು ಅಳತೆ ಪುಸ್ತಕದ ಆಪಾದನೆಯೊಂದಿಗೆ ಸೇರಿಸಿ ತನಿಖೆಗೆ ತೆಗೆದುಕೊಳ್ಳಲಾಗಿದೆ. ಇಷ್ಟು ಬರೆಯಲು ಒಂದೂವರೆ ಪುಟ ಸಾಕು. ಅದನ್ನು ಬರೆಯದೆ ಒಂದೇ ಸಾಲಿನಲ್ಲಿ ದೂರನ್ನು ವಿಲೇವಾರಿ ಮಾಡಿದರೆ, ಕಾರಣಗಳನ್ನು ದಾಖಲಿಸಬೇಕೆಂಬ ಕಾಯ್ದೆಯ ಆದೇಶವೇ ಉಲ್ಲಂಘನೆಯಾದಂತೆ, ಮತ್ತು ಆ ಒಂದು ಸಾಲನ್ನು ಸಂವಿಧಾನದ 226ನೇ ವಿಧಿಯಡಿ ಧಾರವಾಡದ ಪೀಠದಲ್ಲಿ ಪ್ರಶ್ನಿಸಲು ಅವನಿಗೆ ಪೂರ್ಣ ಹಕ್ಕಿದೆ. ಇಲ್ಲಿರುವ ಯುವ ವಕೀಲರು ಅಂಥ ಕಕ್ಷಿದಾರ ಬಂದಾಗ ಮೊದಲು ಆ ಹಿಂಬರಹವನ್ನು ಕೇಳಿ ಪಡೆಯಿರಿ, ಆಮೇಲೆ ದೂರಿನ ಒಂದೊಂದು ಅಂಶವನ್ನೂ ಅದರೊಂದಿಗೆ ಇಟ್ಟು ಓದಿ, ಯಾವುದಕ್ಕೆ ಉತ್ತರ ಬಂದಿಲ್ಲವೋ ಅಲ್ಲಿಂದ ಅರ್ಜಿ ಬರೆಯಲು ತೊಡಗಿರಿ.